ಪುಟ್ಟಲಕ್ಷ್ಮಮ್ಮನ ಬಟ್ಟೆ ರೂಮು

ಒಂದು ತೆಂಗಿನಕಾಯಿ, ಎರಡು ಬಾಳೆಹಣ್ಣು, ಒಂದು ಕಟ್ಟು ಊದುಬತ್ತಿ. ಇಷ್ಟರ ದುಡ್ಡನ್ನು ಹೊಳೆಮಂಟಪದ ಪಟ್ಟಣ ಪಂಚಾಯ್ತಿ ಪುಟ್ಟಲಕ್ಷ್ಮಮ್ಮನಿಗೆ ಇನ್ನೂ ಕೊಟ್ಟಿಲ್ಲ. ಮೆಂಬರುಗಳ ಗೌರವಧನವೂ ಬಾಕಿ ಇದೆ, ಆದರೆ ಅದು ಎಲ್ಲರದೂ ಬಾಕಿ. ಬಂದಾಗ ಬರುತ್ತೆ. ತೆಂಗಿನಕಾಯಿಯದು ಅವಳೊಬ್ಬಳದೇ. ಆ ಕಾಯಿ ಯಾಕೆ ಒಡೆದಳು ಅಂತ ಹೇಳೋದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಶ್ರೀರಂಗಪಟ್ಟಣದಲ್ಲಿ ಅರಕೆರೆ ಬಸ್ಸು ಹತ್ತಿ, ಅರಕೆರೆ ಬರೋದಕ್ಕೆ ಮೊದಲೇ ಇಳಿದು, ನಾಲೆ ಏರಿ ಮೇಲೆ ಹೊಳೆ ಕಡೆಗೆ ನಡೆದರೆ ನಮ್ಮೂರು. ಹೆಸರಿಗೆ ಪಟ್ಟಣ, ಬೆಳಗ್ಗೆ ಎದ್ದರೆ ಸಗಣಿ ವಾಸನೆ. ಹೊಳೆ ದಡದಲ್ಲಿ ಹಳೇ ಕಲ್ಲುಮಂಟಪ, ಅದರ ಕೆಳಗೆ ಮೆಟ್ಟಿಲು. ಸತ್ತವರ ಬೂದಿ ಬಿಡೋದಕ್ಕೆ ಜನ ಇಲ್ಲಿಗೆ ಬರುತ್ತಾರೆ. ಶ್ರೀರಂಗಪಟ್ಟಣದ ನೂಕುನುಗ್ಗಲು ಬೇಡ ಅನ್ನುವವರು, ಪಾಂಡವಪುರದ ಕಡೆಯವರು, ಕೆ.ಆರ್. ಪೇಟೆಯವರು, ನಾಗಮಂಗಲದವರು, ಟೆಂಪೋ ಮಾಡಿಕೊಂಡು ಬರುತ್ತಾರೆ. ಬೂದಿ ಬಿಡುತ್ತಾರೆ, ಮುಳುಗು ಹಾಕುತ್ತಾರೆ, ಒದ್ದೆ ಬಟ್ಟೆ ಬದಲಾಯಿಸಿ ಹಿಂದೆ ತಿರುಗಿ ನೋಡದೆ ಹೋಗುತ್ತಾರೆ.

ಗಂಡಸರದು ಸುಲಭ. ಸೊಂಟಕ್ಕೆ ಟವಲ್ಲು ಸುತ್ತಿಕೊಂಡರೆ ಮುಗೀತು. ಹೆಂಗಸರು ಎಲ್ಲಿ ಬದಲಾಯಿಸುತ್ತಾರೆ ಅಂತ ನಮ್ಮೂರಿನ ಗಂಡಸರು ಯಾವತ್ತೂ ಕೇಳಿಕೊಂಡಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಪುಟ್ಟಲಕ್ಷ್ಮಮ್ಮನ ತಗಡಿನ ಅಂಗಡಿ ಆ ಮೆಟ್ಟಿಲ ಮೇಲುಗಡೆ ಇದೆ. ಎಳ್ಳು, ದರ್ಭೆ, ಬಾಳೆಎಲೆ, ಮಣ್ಣಿನ ಮಡಕೆ, ವಿಭೂತಿ, ಕಾಯಿ. ಗಂಡ ದೇವಯ್ಯ ನಾಲೆಯ ಹೂಳೆತ್ತುವ ಕೆಲಸಕ್ಕೆ ಹೋಗುತ್ತಿದ್ದವನು, ಜ್ವರ ಬಂದು ಸತ್ತ. ಅವನ ಬೂದಿಯನ್ನೂ ಇದೇ ಮೆಟ್ಟಿಲಲ್ಲಿ ಬಿಟ್ಟರು. ಆಮೇಲೆ ಅವಳು ಅಲ್ಲೇ ಅಂಗಡಿ ಇಟ್ಟಳು. ಅಂಗಡಿಯಲ್ಲಿ ಮಾರದೆ ಇರುವ ಸಾಮಾನು ಒಂದಿತ್ತು. ನವಿಲಿನ ಚಿತ್ರ ಇರುವ ದಪ್ಪನೆ ಬೆಡ್‌ಶೀಟು. ಹೆಂಗಸರು ನೀರಿನಿಂದ ಮೇಲೆ ಬಂದರೆ ಅವಳು ವ್ಯಾಪಾರ ಬಿಟ್ಟು ಹೋಗಿ ಆ ಬೆಡ್‌ಶೀಟು ಅಡ್ಡ ಹಿಡಿಯುತ್ತಿದ್ದಳು. ಅದಕ್ಕೆ ದುಡ್ಡು ತಗೊಳ್ಳುತ್ತಿರಲಿಲ್ಲ. ಊರಲ್ಲಿ ಅವಳಿಗೆ ಮರೆ ಪುಟ್ಟಕ್ಕ ಅಂತಲೇ ಹೆಸರು ಬಿತ್ತು. ಅವಳ ಸರದಿ ಬಂದ ದಿವಸ ಯಾರು ಅಡ್ಡ ಹಿಡಿದಿದ್ದರು ಅಂತ ನಾನು ಕೇಳಿಲ್ಲ.

ಒಂದು ಸಲ ಆ ವಾರ್ಡು ಮಹಿಳಾ ಮೀಸಲಾಯಿತು. ನಮ್ಮ ರೈತರ ಸಂಘದವರು ಅವಳನ್ನು ನಿಲ್ಲಿಸಿದೆವು. ನಿಜ ಹೇಳಬೇಕೆಂದರೆ ಬೇರೆ ಯಾರೂ ಒಪ್ಪಲಿಲ್ಲ.

"ನನ್ಗೇನ್ ಗೊತ್ತಾಯ್ತದಣ್ಣ ಮೀಟಿಂಗು ಗೀಟಿಂಗು" ಅಂದಳು.

"ಮೀಟಿಂಗಿನಲ್ಲಿ ಇರೋರಿಗೂ ಗೊತ್ತಿಲ್ಲ, ಬುಡು" ಅಂದೆ.

ಗೆದ್ದಳು. ದೊಡ್ಡ ಅಂತರವೇನಲ್ಲ. ಎದುರಿಗೆ ನಿಂತವರು ಇಬ್ಬರೂ ಒಂದೇ ಮನೆಯ ವಾರಗಿತ್ತಿಯರು. ಅವರು ಓಟು ಹಂಚಿಕೊಂಡರು.

ಅವಳು ಮೆಂಬರಾಗಿ ಏನು ಮಾಡಿದಳು ಅಂದರೆ, ಕೆಲಸ ಮಾಡಿದಳು. ಇದನ್ನು ಹೊಗಳಿಕೆಗೆ ಹೇಳುತ್ತಿಲ್ಲ. ಬೆಳಗ್ಗೆ ಅಂಗಡಿ ತೆಗೆಯೋದಕ್ಕೆ ಮೊದಲು ಪಂಚಾಯ್ತಿ ಆಫೀಸಿನ ಮುಂದೆ ಹೋಗಿ ಕುಂತುಬಿಡುತ್ತಿದ್ದಳು. ಬಯ್ಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಮುಖ್ಯಾಧಿಕಾರಿ ಬಂದರೆ ಎದ್ದು ನಿಲ್ಲುತ್ತಿದ್ದಳು, ಅವರು ಹೊರಗೆ ಹೋದರೆ ಮತ್ತೆ ಎದ್ದು ನಿಲ್ಲುತ್ತಿದ್ದಳು. ಆ ಮನುಷ್ಯ ಸಾಕಾಗಿ ಸಹಿ ಹಾಕುತ್ತಿದ್ದ. ಕೇರಿಗೆ ಮುಚ್ಚಿದ ಚರಂಡಿ ಬಂತು. ಬೀದಿ ದೀಪ ಬಂತು. ಅಂಗನವಾಡಿಗೆ ಕಾಂಪೌಂಡು, ಬೋರಿಗೆ ಮಿನಿ ಟ್ಯಾಂಕು, ನಾಲೆ ಪಕ್ಕ ದನ ಇಳಿಯೋದಕ್ಕೆ ಮೆಟ್ಟಿಲು. ಇನ್ನೆರಡು ಸಣ್ಣಪುಟ್ಟದ್ದು ಸೇರಿ ಒಟ್ಟು ಏಳು ಕೆಲಸ. ನಮ್ಮಲ್ಲಿ ಇದು ಬಹಳ.

ಈಗ ಅವಳ ತಪ್ಪು ಹೇಳುತ್ತೇನೆ.

ನಮ್ಮ ಕಡೆ ಗುದ್ದಲಿ ಪೂಜೆ ಇಲ್ಲದೆ ಒಂದು ಬಚ್ಚಲ ಗುಂಡಿಯನ್ನೂ ತೋಡುವುದಿಲ್ಲ. ಗುದ್ದಲಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ದೊಡ್ಡವರು ಒಂದು ಏಟು ಹಾಕಬೇಕು, ಫೋಟೋದವನು ತೆಗೆಯಬೇಕು. ಪುಟ್ಟಲಕ್ಷ್ಮಮ್ಮ ಗಂಡ ಸತ್ತವಳು. ಚರಂಡಿ ಪೂಜೆಯ ದಿವಸ ಕರ್ಪೂರ ಹಚ್ಚುವ ಹೊತ್ತಿಗೆ ಅವಳು ಸುಮ್ಮನೆ ಹಿಂದಕ್ಕೆ ಸರಿದು ಲೈಟು ಕಂಬದ ಹತ್ತಿರ ನಿಂತಳು. ಯಾರೂ ಹೇಳಲಿಲ್ಲ. ಹೇಳುವವರೇನೋ ಇದ್ದರು, ಅವರಿಗೆ ಬಾಯಿ ತೆರೆಯುವ ಶ್ರಮ ತಪ್ಪಿತು. ಅಧ್ಯಕ್ಷ ಚಿಕ್ಕಸ್ವಾಮಿ ಗುದ್ದಲಿ ಹಿಡಿದ. ಫೋಟೋ ಆಯಿತು.

ನಾನು ಅವಳನ್ನು ಬೈದೆ. "ಮೆಂಬರ್ ನೀನು ಕಣವ್ವ. ಓಡಾಡಿ ತಂದೋಳು ನೀನು. ಅವ್ನು ಬಂದು ಗುದ್ದಲಿ ಇಡ್ಕಂಡ, ನೀನು ಕಂಬ ಇಡ್ಕಂಡೆ."

"ಅಂಗಲ್ಲ ಕಣಣ್ಣ. ನಾಳೆ ಚರಂಡಿ ಬಿರುಕು ಬುಟ್ರೆ ನನ್ನ ಕಾಲ್ಗುಣ ಅಂತಾರೆ. ಕೆಲ್ಸ ಆಯ್ತದಲ್ಲ, ಬುಡು."

ಏಳು ಪೂಜೆಗೂ ಅವಳು ಹಾಗೇ ಸರಿದಳು. ಆಮೇಲಾಮೇಲೆ ಚಿಕ್ಕಸ್ವಾಮಿ ಕಾರಿನಿಂದ ಇಳಿಯುತ್ತಿದ್ದ ಹಾಗೆ ಅವಳ ಕಾಲು ತಾನೇ ಹಿಂದಕ್ಕೆ ಹೋಗುತ್ತಿತ್ತು.

ಮೂರನೇ ವರ್ಷದ ಆಷಾಢದಲ್ಲಿ ನಾಗಮಂಗಲದ ಕಡೆಯಿಂದ ಒಂದು ಟೆಂಪೋ ಬಂತು. ಗಂಡ ಬೈಕಿನಿಂದ ಬಿದ್ದು ಸತ್ತಿದ್ದ. ಹೆಂಡತಿ ದಿವ್ಯ ಅನ್ನುವ ಹುಡುಗಿ, ಇಪ್ಪತ್ತೈದು ದಾಟಿರಲಾರದು. ಗಾಳಿ ಜೋರಿತ್ತು. ಮುಳುಗು ಹಾಕಿ ಮೇಲೆ ಬಂದಳು. ಪುಟ್ಟಲಕ್ಷ್ಮಮ್ಮ ಒಂದು ತುದಿ, ಆ ಹುಡುಗಿಯ ಚಿಕ್ಕಮ್ಮ ಒಂದು ತುದಿ ಹಿಡಿದರು. ಗಾಳಿಗೆ ಬೆಡ್‌ಶೀಟು ಕೈಯಿಂದ ಕಿತ್ತುಕೊಂಡು ಮಂಟಪದ ಮೇಲೆ ಹೋಗಿ ಬಿತ್ತು. ಹೊಳೆ ನಡುವಿನ ಬಂಡೆ ಮೇಲೆ ಮೀನು ಹಿಡಿಯೋದಕ್ಕೆ ಕುಂತಿದ್ದ ಪಡ್ಡೆ ಹುಡುಗರ ಕೈಯಲ್ಲಿ ಮೊಬೈಲಿತ್ತು. ಒಬ್ಬ ಶಿಳ್ಳೆ ಹಾಕಿದ.

ದಿವ್ಯ ಬಿಚ್ಚಿದ ಸೆರಗನ್ನು ಮತ್ತೆ ಸುತ್ತಿಕೊಂಡಳು. ಹೋಗಿ ಟೆಂಪೋದಲ್ಲಿ ಕುಂತಳು.

"ಬಟ್ಟೆ ಬದ್ಲಾಯ್ಸು ಮಗ" ಅಂದರು ಅವಳ ಮನೆಯವರು.

"ಬ್ಯಾಡ" ಅಂದಳು.

"ಚಳಿ ಇಡ್ಕತದೆ ಕಣವ್ವ."

"ಇಡ್ಕಳ್ಳಿ."

ನಾಗಮಂಗಲದ ತನಕ ಒದ್ದೆ ಸೀರೆಯಲ್ಲೇ ಹೋದಳು. ಸೀಟಿನಿಂದ ನೀರು ಸೋರುತ್ತಿತ್ತು ಅಂತ ಡ್ರೈವರು ಇನ್ನೊಂದು ಸಲ ಬಂದಾಗ ಗೊಣಗಿದ. ಆಮೇಲೆ ಅವಳ ಸುದ್ದಿ ನಮಗೆ ಬರಲಿಲ್ಲ.

ಪುಟ್ಟಲಕ್ಷ್ಮಮ್ಮ ಮಂಟಪ ಹತ್ತಿ ಬೆಡ್‌ಶೀಟು ಇಳಿಸಿಕೊಂಡಳು, ಮಡಿಸಿ ಒಳಗಿಟ್ಟಳು. ಮಾರನೇ ದಿನ ಆಫೀಸಿನ ಮುಂದೆ ಹೋಗಿ ಕುಂತಳು. ಒಂದು ರೂಮು ಬೇಕು. ನಾಲ್ಕು ಗೋಡೆ, ಕಿಟಕಿ ಬೇಡ, ಮೇಲೆ ಗಾಳಿಗೆ ಜಾಲರಿ. ಬಾಗಿಲಿಗೆ ಒಳಗಿನಿಂದ ಚಿಲಕ. ಅವಳು ಕೇಳಿದ್ದು ಅಷ್ಟೆ. ಚಿಲಕದ ಮಾತನ್ನು ಮಾತ್ರ ಎರಡು ಸಲ ಹೇಳಿದಳಂತೆ.

ಸಭೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ದುಡ್ಡೂ ಮಂಜೂರಾಯಿತು. ಪಾಂಡವಪುರದ ಕಂಟ್ರಾಕ್ಟರ್ ಧರ್ಮೇಂದ್ರ ಕೆಲಸ ಹಿಡಿದ. ಮರಳು ಬಂತು, ಇಟ್ಟಿಗೆ ಬಂತು. ಕೆಲಸ ಶುರುವಾಗಲಿಲ್ಲ.

"ಯಾಕ್ಲಾ?" ಅಂತ ಕೇಳಿದಳು.

"ಗುದ್ದಲಿ ಪೂಜೆ ಆಗ್ಬೇಕಲ್ಲಕ್ಕ."

ಪೂಜೆಗೆ ಯಾರೂ ಬರಲೊಲ್ಲರು. ಬೂದಿ ಬಿಡುವ ಜಾಗ. ಗಂಡ ಸತ್ತವರು ಬಟ್ಟೆ ಬದಲಾಯಿಸುವ ರೂಮು. ಅಲ್ಲಿ ಗುದ್ದಲಿ ಹಿಡಿದು ಫೋಟೋಗೆ ನಿಲ್ಲುವ ಗಂಡಸು ನಮ್ಮ ತಾಲ್ಲೂಕಿನಲ್ಲಿ ಹುಟ್ಟಿಲ್ಲ. ಎಮ್ಮೆಲ್ಲೆ ಸಾಹೇಬರ ಮನೆಗೆ ಹೋದರೆ ಈ ತಿಂಗಳು ಡೇಟಿಲ್ಲ ಅಂದರು. ಮುಂದಿನ ತಿಂಗಳೂ ಇರಲಿಲ್ಲ. ಕಡೆಗೆ ಅವಳು ಚಿಕ್ಕಸ್ವಾಮಿಯ ಮನೆಗೇ ಹೋದಳು. ನಾನೂ ಜೊತೆಗಿದ್ದೆ. ಚಿಕ್ಕಸ್ವಾಮಿ ಕೆಟ್ಟವನೇನಲ್ಲ. ಕಾಫಿ ಕೊಟ್ಟ.

"ಪುಟ್ಟಕ್ಕ, ತಪ್ಪು ತಿಳ್ಕಬ್ಯಾಡ. ಮನೇಲಿ ಮಗಳು ಬಸುರಿ. ಈಗ ನಾನು ಅಲ್ಲೋಗಿ ಕಾಯಿ ಒಡೆಯಾದಾ? ನಮ್ಮನೆಯವಳು ನನ್ನ ಒಳೀಕೇ ಸೇರ್ಸಕ್ಕಿಲ್ಲ."

"ಹೆರಿಗೆ ಆದ್ಮೇಲೆ ಬತ್ತೀರಾ?"

"ಆಮೇಲೆ ಬಾಣಂತನ. ಆಮೇಲೆ ನಾಮಕರಣ. ಮಗಾ ಇರೋ ಮನೆ."

"ಅಂಗಾರೆ ನಿಮ್ಮನೇಲಿ ಯಾರಾರಾ ಸಾಯಗಂಟ ಕಾಯ್ಬೇಕು" ಅಂದಳು.

ಇದನ್ನು ಸಿಟ್ಟಿನಲ್ಲಿ ಹೇಳಲಿಲ್ಲ. ಲೆಕ್ಕ ಹಾಕುವವರ ಹಾಗೆ ಹೇಳಿದಳು. ಚಿಕ್ಕಸ್ವಾಮಿ ಲೋಟ ಕೆಳಗಿಟ್ಟ. ನಾವು ಎದ್ದು ಬಂದೆವು.

ಮಾರನೇ ಬೆಳಗ್ಗೆ ಅಂಗಡಿಯಿಂದ ಒಂದು ಕಾಯಿ, ಎರಡು ಬಾಳೆಹಣ್ಣು, ಊದುಬತ್ತಿ ತಗೊಂಡಳು. ಅವಳ ಅಂಗಡಿಯಲ್ಲಿ ಕುಂಕುಮ ಮಾರುವುದಿಲ್ಲ, ಅಲ್ಲಿಗೆ ಬರುವವರಿಗೆ ಅದು ಬೇಕಾಗುವುದೂ ಇಲ್ಲ. ಗುದ್ದಲಿಗೆ ವಿಭೂತಿ ಬಳಿದಳು. ಧರ್ಮೇಂದ್ರ ಮೂರು ಮಾರು ದೂರ ನಿಂತಿದ್ದ.

"ಅಕ್ಕ, ನೀನು ಮಾಡಾದಾ?"

"ಯಾಕ್ಲಾ, ನನ್ಗೆ ಕೈ ಇಲ್ವಾ?"

"ಅಲ್ಲ, ನಾಳೆ ನನ್ಗೆ ಬೇರೆ ಕೆಲ್ಸ ಸಿಗ್ದಂಗಾದ್ರೆ..."

"ಸಿಗ್ದಿದ್ರೆ ಬಾ, ಮಡಕೆ ಮಾರೀವಂತೆ. ಈ ಯಾಪಾರ ಯಾವತ್ತೂ ನಿಲ್ಲಕ್ಕಿಲ್ಲ ಕಣ್ಲಾ."

ಕಾಯಿ ಒಡೆದಳು. ಗುದ್ದಲಿ ಎತ್ತಿ ಒಂದು ಏಟು ಹಾಕಿದಳು. ಹೂಳೆತ್ತುವವನ ಹೆಂಡತಿ, ಗುದ್ದಲಿ ಹಿಡಿಯೋದು ಅವಳಿಗೆ ಬರುತ್ತೆ. ಮಣ್ಣು ಎದ್ದಿತು. ಫೋಟೋದವನು ಬಂದಿರಲಿಲ್ಲ. ಕರೆದವರೂ ಇಲ್ಲ. ನನ್ನ ಮೊಬೈಲು ಗುಂಡಿ ಒತ್ತುವ ಹಳೇದು.

ಕೆಲಸ ಎದ್ದಿತು. ಮಳೆಗಾಲಕ್ಕೆ ಮೊದಲು ರೂಮು ಮುಗಿಯಿತು. ಬಿಳಿ ಸುಣ್ಣ, ನೀಲಿ ಬಣ್ಣದ ಕಬ್ಬಿಣದ ಬಾಗಿಲು, ಒಳಗಡೆ ಉದ್ದನೆ ಚಿಲಕ. ಚಿಲಕ ಹಾಕಿ ತೆಗೆದು ಅವಳು ನೋಡಿದಳು. ಧರ್ಮೇಂದ್ರ ಹೊರಗಿನಿಂದ ಬೀಗ ಜಡಿದು ಕೀಲಿ ತಗೊಂಡು ಹೋಗಿ ಆಫೀಸಿಗೆ ಕೊಟ್ಟ. ಅವನ ಬಿಲ್ಲು ಪಾಸಾಯಿತು. ಅವನಿಗೆ ಆಮೇಲೂ ಕೆಲಸ ಸಿಕ್ಕಿತು. ಈಗ ಎರಡು ಟ್ರಾಕ್ಟರು ಇಟ್ಟಿದ್ದಾನೆ.

ಆಫೀಸಿನಲ್ಲಿ ಮುಖ್ಯಾಧಿಕಾರಿಯ ಮೇಜಿನ ಹಿಂದಿನ ಗೋಡೆಗೆ ಒಂದು ಮೊಳೆ ಇದೆ. ಕೀಲಿ ಅದಕ್ಕೆ ನೇತಾಡಿತು. ಅದಕ್ಕೆ ಕಟ್ಟಿದ ರಟ್ಟಿನ ಮೇಲೆ 'ಬಟ್ಟೆ ರೂಮು' ಅಂತ ಬರೆದಿದೆ.

"ಕೀಲಿ ಕೊಡಿ ಸ್ವಾಮಿ" ಅಂದಳು.

"ಉದ್ಘಾಟನೆ ಆಗಬೇಕಲ್ಲಮ್ಮ" ಅಂದರು ಮುಖ್ಯಾಧಿಕಾರಿ.

"ಪೂಜೆ ಮಾಡ್ದಂಗೆ ಅದನ್ನೂ ನಾನೇ ಮಾಡ್ಬುಡ್ತೀನಿ."

"ಪೂಜೆ ನಮ್ಮ ಗಮನಕ್ಕೆ ಬಂದಿಲ್ಲ. ಉದ್ಘಾಟನೆ ಅಂದರೆ ಪ್ರೋಟೋಕಾಲ್. ಎಲ್ಲರ ಹೆಸರೂ ಹಾಕಬೇಕು, ಎಲ್ಲರೂ ಬರಬೇಕು. ಅವರನ್ನು ಬಿಟ್ಟು ಬಾಗಿಲು ತೆಗೆದರೆ ನನಗೆ ನೋಟೀಸು ಬರುತ್ತೆ."

ಎಲ್ಲರೂ ಬರಬೇಕು. ಒಬ್ಬರೂ ಬರುವುದಿಲ್ಲ. ಈ ಎರಡು ಮಾತಿನ ನಡುವೆ ಆ ರೂಮು ನಿಂತುಕೊಂಡಿತು. ಅವಳು ಎಂದಿನಂತೆ ಆಫೀಸಿನ ಮುಂದೆ ಕುಂತಳು. ಚರಂಡಿಗೆ ಕುಂತರೆ ಚರಂಡಿ ಬರುತ್ತಿತ್ತು. ಇದಕ್ಕೆ ಏನೂ ಬರಲಿಲ್ಲ. ಮುಖ್ಯಾಧಿಕಾರಿಗೆ ವರ್ಗವಾಗಿ ಬೇರೆಯವರು ಬಂದರು. ಮೊಳೆ ಅದೇ.

ಕಡೇ ವರ್ಷ ಪಂಚಾಯ್ತಿಯವರು ಒಂದು ಸಾಧನೆ ಪುಸ್ತಕ ಅಚ್ಚು ಮಾಡಿಸಿದರು. ಹೊಳಪಿನ ಕಾಗದ. ಒಬ್ಬೊಬ್ಬ ಮೆಂಬರಿಗೆ ಒಂದೊಂದು ಪುಟ. ಅಚ್ಚಿನವನು ಪುಟ ಜೋಡಿಸಿದ ಕ್ರಮ ಇಷ್ಟೇ: ಯಾವ ಫೋಟೋದಲ್ಲಿ ಯಾರು ಗುದ್ದಲಿ ಹಿಡಿದಿದ್ದಾರೋ ಆ ಕೆಲಸ ಅವರದು. ಅವನಿಗೆ ನಮ್ಮೂರು ಗೊತ್ತಿಲ್ಲ. ಮೋಸ ಮಾಡಬೇಕು ಅಂತ ಮಾಡಿದ್ದಲ್ಲ. ಚರಂಡಿ, ದೀಪ, ಕಾಂಪೌಂಡು, ಟ್ಯಾಂಕು, ಏಳೂ ಚಿಕ್ಕಸ್ವಾಮಿಯ ಪುಟಕ್ಕೆ ಹೋದವು. ಎಂಟನೆಯದಕ್ಕೆ ಫೋಟೋ ಇಲ್ಲ, ಆದ್ದರಿಂದ ಅದು ಪುಸ್ತಕದಲ್ಲೇ ಇಲ್ಲ. ಪುಟ್ಟಲಕ್ಷ್ಮಮ್ಮನ ಪುಟದಲ್ಲಿ ಅವಳದೊಂದು ಮುಖ, ಕೆಳಗೆ ಹೆಸರು. ಉಳಿದ ಜಾಗ ಖಾಲಿ ಕಾಣುತ್ತೆ ಅಂತ ಒಂದು ಜೆರಾಕ್ಸ್ ಅಂಗಡಿಯ ಜಾಹೀರಾತು ಹಾಕಿದ್ದ.

ಕಲ್ಯಾಣ ಮಂಟಪದಲ್ಲಿ ಪುಸ್ತಕ ಬಿಡುಗಡೆ. ಊಟ ಇತ್ತು. ಪಂಕ್ತಿಯಲ್ಲಿ ಕುಂತವರು ಪುಟ ತಿರುವುತ್ತಿದ್ದರು. ನಮ್ಮ ಸಂಘದ ಮುದ್ದಯ್ಯ ಬಾಯಿ ಸುಮ್ಮನಿರದ ಮನುಷ್ಯ, ಚಿಕ್ಕಸ್ವಾಮಿಯ ಪುಟದಲ್ಲಿ ಬೀದಿ ದೀಪದ ಫೋಟೋ ತೋರಿಸಿದ.

"ಪುಟ್ಟಕ್ಕ, ಇಲ್ನೋಡು. ಕಂಬದ ಪಕ್ಕ ನಿನ್ನ ಮೊಣಕೈ ಎಷ್ಟು ಚಂದಾಗ್ ಬಂದದೆ."

ಅವಳು ಪುಸ್ತಕ ಇಸಕೊಂಡು ನೋಡಿದಳು.

"ನಂದೇ ಕಣ್ಲಾ" ಅಂದಳು. "ಬಳೆ ಇಲ್ಲ, ನೋಡು."

ಪಂಕ್ತಿ ನಕ್ಕಿತು. ಅವಳೂ ನಕ್ಕಳು. ಆಮೇಲೆ ಬಡಿಸುವವನನ್ನು ಕರೆದು ಸಾರು ಹಾಕಿಸಿಕೊಂಡಳು. ನಾನು ಅವಳ ಮುಖ ನೋಡಿದೆ. ಅದರಲ್ಲಿ ಓದುವುದಕ್ಕೆ ಏನೂ ಇರಲಿಲ್ಲ.

ಊಟವಾದ ಮೇಲೆ ಅವಳು ಚಿಕ್ಕಸ್ವಾಮಿಯ ಹತ್ತಿರ ಹೋದದ್ದು ನೋಡಿದೆ. ಫೋಟೋ ಕೇಳುತ್ತಾಳೆ ಅಂತ ಅವನು ಅಂದುಕೊಂಡ. "ಎರಡನೇ ಸಲ ಅಚ್ಚಾಕಿಸ್ವಾಗ ಸೇರುಸ್ತೀನಿ ಬುಡಕ್ಕ" ಅಂದ.

"ಅದು ಬ್ಯಾಡ. ಏಳೂ ನೀವೇ ಮಡಿಕಳಿ. ಎಂಟನೇದೂ ನಿಮ್ಮೆಸ್ರಿಗೇ ಬರ್ಸ್ಕಳಿ. ಆ ಬೀಗ ತೆಗುಸ್ಬುಡಿ ಸಾಕು."

ಚಿಕ್ಕಸ್ವಾಮಿ ಅವಳನ್ನು ನೋಡಲಿಲ್ಲ. ಮೊಮ್ಮಗನ ನಾಮಕರಣ ಆಗಿ ಎಷ್ಟೋ ತಿಂಗಳಾಗಿತ್ತು. "ನೋಡಾನ" ಅಂದ. ನಮ್ಮ ಕಡೆ ನೋಡಾನ ಅಂದರೆ ಏನು ಅಂತ ಎಲ್ಲರಿಗೂ ಗೊತ್ತು.

ಅವಧಿ ಮುಗಿಯಿತು. ವಾರ್ಡಿನ ಮೀಸಲಾತಿ ಬದಲಾಯಿತು. ಚುನಾವಣೆ ಇನ್ನೂ ಆಗಿಲ್ಲ, ಆಡಳಿತಾಧಿಕಾರಿ ಇದ್ದಾರೆ, ಅವರು ವಾರಕ್ಕೊಂದು ಸಲ ಬಂದು ಹೋಗುತ್ತಾರೆ. ಪುಟ್ಟಲಕ್ಷ್ಮಮ್ಮ ಈಗ ಮಾಜಿ. ಮಾಜಿ ಮೆಂಬರು ಬಂದು ಕುಂತರೆ ಯಾರೂ ಸಹಿ ಹಾಕುವುದಿಲ್ಲ ಅಂತ ಅವಳಿಗೆ ಒಂದು ವಾರದಲ್ಲೇ ಗೊತ್ತಾಯಿತು. ಕುಂತುಕೊಳ್ಳುವುದು ಬಿಟ್ಟಳು.

ನಾನೇ ಒಂದು ದಿವಸ ಹೇಳಿದೆ. "ನಾವು ಹತ್ತು ಜನ ಬತ್ತೀವಿ. ಹಾರೆ ತಂದು ಬೀಗ ಮೀಟಿ ಎಸಿತೀವಿ. ಕೇಸಾಕ್ಲಿ. ಮೂವತ್ತು ವರ್ಷದಿಂದ ಇದನ್ನೇ ಮಾಡ್ಕಂಡು ಬಂದಿಲ್ವಾ? ಕೇಸೇನು ನಮ್ಗೆ ಹೊಸದಾ?"

ಅವಳು ಎಳ್ಳು ಕೇರುತ್ತಿದ್ದಳು. ತಲೆ ಎತ್ತಲಿಲ್ಲ.

"ಹಾರೆ ಹಾಕುದ್ರೆ ಬೀಗ ಒಂದೇ ಬರಕ್ಕಿಲ್ಲ ಕಣಣ್ಣ. ಬಾಗ್ಲು ಸೊಟ್ಟಾಯ್ತದೆ. ಬಾಗ್ಲು ಸೊಟ್ಟಾದ್ರೆ ಒಳಗಡೆ ಚಿಲಕ ಕೂರಕ್ಕಿಲ್ಲ. ಚಿಲಕ ಇಲ್ದ ರೂಮು ಕಟ್ಕಂಡು ಏನ್ ಮಾಡಾನ? ಅದ್ಕಿಂತ ನನ್ನ ಬೆಡ್‌ಶೀಟೇ ವಾಸಿ."

"ಮತ್ತೇನ್ ಮಾಡಾದು?"

"ನಾನು ಕೇಳಿ ಆಯ್ತು. ನೀವೂ ಕೂಗಿ ಆಯ್ತು. ಊರೋರು ಕೇಳುದ್ರೆ ಊರೋರ ಜಗಳ ಅಂತಾರೆ. ಬೂದಿ ತಂದೋರು ಕೇಳ್ಬೇಕು. ಅವರು ಕೇಳಕ್ಕಿಲ್ಲ. ಬಂದ ದಿವ್ಸ ಅವರಿಗೆ ಗ್ಯಾನ ಇರಕ್ಕಿಲ್ಲ. ಇನ್ನೊಂದ್ಸಲ ಅವರು ಬರಾಕಿಲ್ಲ."

ಕೇರಿದ ಎಳ್ಳನ್ನು ಡಬ್ಬಕ್ಕೆ ಸುರಿದಳು. ಆ ಮಾತು ಅಲ್ಲಿಗೆ ಮುಗಿಯಿತು.

ಕಳೆದ ವಾರ ನಾನು ಆ ಕಡೆ ಹೋಗಿದ್ದೆ. ಕೆ.ಆರ್. ಪೇಟೆಯಿಂದ ಒಂದು ಕುಟುಂಬ ಬಂದಿತ್ತು. ವಯಸ್ಸಾದ ಹೆಂಗಸು, ಗಂಡನ ಬೂದಿ ಬಿಟ್ಟು ಮೇಲೆ ಬಂದರು. ಬಿಳಿ ರವಿಕೆ ಮೈಗೆ ಅಂಟಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ಜೊತೆಗೆ ಬಂದವರೆಲ್ಲ ಗಂಡಸರು, ಅವರು ಮುಖ ತಿರುಗಿಸಿ ನಿಂತರು. ಅವರಿಗೆ ಗೊತ್ತಿದ್ದ ಮರ್ಯಾದೆ ಅಷ್ಟೆ. ಪುಟ್ಟಲಕ್ಷ್ಮಮ್ಮ ಅಂಗಡಿಯಿಂದ ಬೆಡ್‌ಶೀಟು ತಂದಳು. ನವಿಲಿನ ಬಣ್ಣ ಪೂರಾ ಹೋಗಿದೆ. ಇನ್ನೊಂದು ತುದಿ ಹಿಡಿಯೋದಕ್ಕೆ ಹೆಂಗಸರು ಯಾರೂ ಇರಲಿಲ್ಲ.

ಅವಳು ಆ ತುದಿಯನ್ನು ನೀಲಿ ಬಾಗಿಲ ಬೀಗಕ್ಕೆ ಕಟ್ಟಿದಳು. ಗಂಟು ಹಾಕುವ ಕೈ ನೋಡಿದರೆ ಮೊದಲ ಸಲ ಕಟ್ಟುತ್ತಿರುವುದಲ್ಲ ಅಂತ ತಿಳಿಯುತ್ತಿತ್ತು. ತಾನು ಈ ತುದಿ ಹಿಡಿದು ನಿಂತಳು. ಆ ಅಜ್ಜಿ ಬೆಡ್‌ಶೀಟಿಗೂ ಗೋಡೆಗೂ ನಡುವೆ ನಿಂತು ಸೀರೆ ಬದಲಾಯಿಸಿದರು.

ಮುಗಿಸಿ ಬಂದಾಗ ಅಜ್ಜಿ ಕೇಳಿದರು, "ಇದೇನವ್ವ ರೂಮು?"

"ಬಟ್ಟೆ ಬದ್ಲಾಯ್ಸ ರೂಮು ಕಣಜ್ಜಿ."

"ಬೀಗ ಹಾಕವ್ರಲ್ಲ."

"ಊಂ. ಗಟ್ಟಿ ಬೀಗ. ಗಾಳಿ ಬಂದ್ರೂ ಗಂಟು ಬಿಚ್ಚಕ್ಕಿಲ್ಲ" ಅಂದಳು ಪುಟ್ಟಲಕ್ಷ್ಮಮ್ಮ. ಬೆಡ್‌ಶೀಟು ಬಿಚ್ಚಿ ಕೊಡವಿ ಮಡಿಸಿದಳು. ಅಜ್ಜಿ ಹಿಂದೆ ತಿರುಗಿ ನೋಡದೆ ಟೆಂಪೋ ಹತ್ತಿದರು.

ಇನ್ನು ನಿಮ್ಮ ವಿಷಯ. ಓದುತ್ತಿರುವ ನಿಮ್ಮ ಮನೆಯಲ್ಲೂ ಒಂದು ದಿನ ಯಾರಾದರೂ ಸಾಯುತ್ತಾರೆ. ಪಾಂಡವಪುರವೋ, ನಾಗಮಂಗಲವೋ, ಎಲ್ಲಿಯವರೋ, ಮಡಕೆ ಹಿಡಿದು ಹೊಳೆಗೆ ಬರುತ್ತೀರಿ. ನಿಮ್ಮ ತಾಯಿ, ಅತ್ತಿಗೆ, ಸೊಸೆ ಜೊತೆಗಿರುತ್ತಾರೆ. ಆ ದಿವಸ ಗ್ಯಾನ ಇರುವುದಿಲ್ಲ ಅಂತ ಪುಟ್ಟಲಕ್ಷ್ಮಮ್ಮ ಹೇಳುತ್ತಾಳೆ, ಅದಕ್ಕೇ ಇವತ್ತೇ ಹೇಳುತ್ತಿದ್ದೇನೆ. ಮೆಟ್ಟಿಲು ಇಳಿಯಬೇಡಿ. ಮೊದಲು ಪಂಚಾಯ್ತಿ ಆಫೀಸಿಗೆ ಹೋಗಿ. ಮುಖ್ಯಾಧಿಕಾರಿಯ ಹಿಂದೆ ಗೋಡೆಯಲ್ಲಿ ಮೊಳೆ ಇದೆ, ಕೀಲಿ ಕಾಣುತ್ತೆ. ಕೇಳಿ. ಉದ್ಘಾಟನೆ ಆಗಿಲ್ಲ ಅನ್ನುತ್ತಾರೆ. ಬೂದಿ ಮಡಕೆಯನ್ನು ಅವರ ಮೇಜಿನ ಮೇಲೆ, ಫೈಲುಗಳ ನಡುವೆ ಇಡಿ. ಕೈ ಕಟ್ಟಿ ನಿಲ್ಲಿ. ಕೀಲಿ ನಿಮ್ಮ ಕೈಗೆ ಬರುವ ತನಕ ಆ ಮಡಕೆ ಎತ್ತಬೇಡಿ.